ಗಾಲಿಯ ಗುರು-ಲಘು

ಕನ್ನಡ ಓದಿದವರಿಗೆ ಗುರು, ಲಘು ಎಂಬ ಎರಡು ಮಾತುಗಳನ್ನು ವಿವರಿಸಬೇಕಾದ ಅಗತ್ಯವಿಲ್ಲ. ಒಂದು ಮಾತ್ರೆಯ ಕಾಲದಲ್ಲಿ ಉಚ್ಚರಿಸಬಹುದಾದ ಅಕ್ಷರ ಲಘು. ಎರಡು ಮಾತ್ರೆಗಳ ಕಾಲವನ್ನು ಬೇಡುವುದು ಗುರು. ಶಬ್ದದ ಮೂಲಾರ್ಥಕ್ಕೆ ಹೋದರೆ ಗುರುವೆಂದರೆ ಭಾರವಾದದ್ದು, ಲಘುವೆಂದರೆ ಹಗುರವಾದದ್ದು. ಪದ್ಯದ ಓಟ ಇವೆರಡರ ಹದವಾದ ಬೆರಕೆಯಿಂದ ಬರುತ್ತದೆಯೇ ಹೊರತು ಗುರುವೇ ಮೇಲು, ಲಘುವೇ ಕೀಳು ಎಂಬ ತೀರ್ಮಾನ ಛಂದಶ್ಶಾಸ್ತ್ರದಲ್ಲಿಲ್ಲ. ಈ ದಿನ ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಇನ್ನೊಂದು ಬಗೆಯ ಗುರು-ಲಘುಗಳನ್ನು ಕುರಿತು. ಮೋಟಾರು ಸೈಕಲ್ಲಿನ ಎಂಜಿನ್ನಿನೊಳಗೆ ಸದಾ ತಿರುಗುತ್ತಿರುವ, ಹೊರಗಿನವರ ಕಣ್ಣಿಗೆ ಬೀಳದ ಒಂದು ಗಾಲಿಯುಂಟು. ಆ ಗಾಲಿ ಭಾರವಾಗಿರಬೇಕೋ ಹಗುರವಾಗಿರಬೇಕೋ ಎಂಬ ವಾದ ನಮ್ಮ ಶಿವಮೊಗ್ಗೆಯ ಗ್ಯಾರೇಜುಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಸಾಹಿತ್ಯದ ವಾದಗಳಿಗಿಂತ ಅದು ಕಡಿಮೆ ಸ್ವಾರಸ್ಯದ್ದೆಂದು ನನಗೆ ತೋರುವುದಿಲ್ಲ.

ಈ ವಾದದೊಳಕ್ಕೆ ನಾನು ಬಂದದ್ದು ಹಳೆಯ ವಿದ್ಯಾರ್ಥಿಯೊಬ್ಬನ ದೆಸೆಯಿಂದ. ಗಾಂಧಿ ಬಜಾರಿನಲ್ಲಿ ಎದುರಾದವನು ತನ್ನ ಆರ್‌ಎಕ್ಸ್ 100 ಬೈಕನ್ನು ಪಕ್ಕಕ್ಕೆ ನಿಲ್ಲಿಸಿ, "ಸಾರ್, ಇದರ ಫ್ಲೈವೀಲನ್ನು ಲೇತಿಗೆ ಕೊಟ್ಟು ಹಗುರ ಮಾಡಿಸಬೇಕೂಂತ ಇದ್ದೀನಿ. ಕೆಸರಿನ ರೇಸಿಗೆ ಅದೇ ಒಳ್ಳೇದು ಅಂತಾರೆ ಹುಡುಗರು. ನಮ್ಮ ಮೆಕ್ಯಾನಿಕ್ಕು ಬೇಡ, ಇನ್ನೂ ತೂಕ ಕೂಡಿಸು ಅಂತಾನೆ. ನೀವು ಯೆಜ್ಡಿ ಓಡಿಸಿದವರು, ಏನು ಹೇಳ್ತೀರಿ?" ಎಂದು ಕೇಳಿದ. ಛಂದಸ್ಸನ್ನು ಕೇಳಬೇಕಾದ ಮೇಷ್ಟರನ್ನು ಅವನು ಇದನ್ನು ಕೇಳಿದ್ದಕ್ಕೆ ಕಾರಣವಿತ್ತು. ತೀರ್ಥಹಳ್ಳಿಯ ಆಚೆಯ ಮಣ್ಣುದಾರಿಗಳಲ್ಲಿ, ಓಲೆಗರಿ ಹುಡುಕುವ ನೆವದಿಂದ, ನಾನು ಹಲವು ಮಳೆಗಾಲಗಳನ್ನು ಯೆಜ್ಡಿಯ ಮೇಲೆ ಕಳೆದದ್ದು ಅವನಿಗೆ ಗೊತ್ತಿತ್ತು. ಆದರೆ ಅವನ ಪ್ರಶ್ನೆಯಲ್ಲಿ ರೇಸಿಗಿಂತ ದೊಡ್ಡದಾದ ಒಂದು ಸಂಗತಿಯಿತ್ತು. ಅವನ ಮನೆಯಿರುವುದು ಅಡಕೆ ತೋಟದ ತಗ್ಗಿನಲ್ಲಿ. ಮನೆಯಿಂದ ಡಾಂಬರು ರಸ್ತೆಗೆ ಏರಬೇಕಾದ ಕೆಮ್ಮಣ್ಣಿನ ದಿಬ್ಬವನ್ನು ಅದೇ ಬೈಕಿನಲ್ಲಿ, ಹಾಲಿನ ಕ್ಯಾನು ಕಟ್ಟಿಕೊಂಡು, ಕೆಲವು ದಿನ ಮುದುಕಿ ತಾಯಿಯನ್ನೂ ಹಿಂದೆ ಕೂರಿಸಿಕೊಂಡು ಅವನು ಏರಬೇಕು. ನಡುದಿಬ್ಬದಲ್ಲಿ ಎಂಜಿನ್ ನಿಂತುಹೋದರೆ ಹಿಂದಕ್ಕೆ ಜಾರುವುದು ಬೈಕೊಂದೇ ಅಲ್ಲ.

ಮೊದಲು ಹೆಸರಿನ ಮಾತು. 'ಫ್ಲೈವೀಲ್' ಎಂಬುದನ್ನು ಗತಿಚಕ್ರ ಎಂದು ಕರೆಯಬಹುದು. ನಾನೂ ಹಾಗೆಯೇ ಕರೆಯುತ್ತೇನೆ. ಗ್ಯಾರೇಜಿನಲ್ಲಿ ಈ ಮಾತು ನಡೆಯದು. ಅಲ್ಲಿ ಅದು 'ಫ್ಲೈವೀಲು', ಇಲ್ಲವೇ ಬರಿಯ 'ಮ್ಯಾಗ್ನೆಟ್ಟು'. ಇಂಗ್ಲಿಷ್ ಹೆಸರಿನಲ್ಲಿ ಹಾರಾಟದ ಸೂಚನೆಯಿದ್ದರೂ ಈ ಗಾಲಿ ಹಾರುವುದಿಲ್ಲ. ಹಾರಿದರೆ ಅನಾಹುತ, ಆ ಮಾತಿಗೆ ಆಮೇಲೆ ಬರುತ್ತೇನೆ. ನಮ್ಮ ಭಾಷೆಯಲ್ಲಿ ಗಾಲಿಯ ಅಂಗಗಳಿಗೆ ಒಳ್ಳೆಯ ಶಬ್ದಗಳಿವೆ: ನಡುವಿನ ಗುಂಬ ನಾಭಿ, ಹೊರಗಿನ ಅಂಚು ನೇಮಿ. ಈ ಎರಡು ಶಬ್ದಗಳನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಇಡೀ ವಿಷಯದ ಗುಟ್ಟು ನೇಮಿಯಲ್ಲಿದೆ.

ಗತಿಚಕ್ರವೆಂಬುದು ಯಂತ್ರಯುಗದ ಹೊಸ ಸೃಷ್ಟಿಯೇನೂ ಅಲ್ಲ. ಹರಿಹರನ ರಗಳೆಯನ್ನು ಓದಿದವರಿಗೆ ಕುಂಬಾರ ಗುಂಡಯ್ಯ ಪರಿಚಿತನಷ್ಟೆ. ಕುಂಬಾರನ ತಿಗರಿಯೇ ನಾವು ನೋಡಬಹುದಾದ ಅತ್ಯಂತ ಸರಳವಾದ ಗತಿಚಕ್ರ. ಕೋಲಿನಿಂದ ನಾಲ್ಕಾರು ಸಲ ತಿರುಗಿಸಿ ಕುಂಬಾರ ಕೋಲನ್ನು ಕೆಳಗಿಡುತ್ತಾನೆ. ಆಮೇಲೆ ತಿಗರಿ ತಾನಾಗಿ ಸುತ್ತುತ್ತದೆ, ಎರಡೂ ಕೈಗಳು ಮಣ್ಣಿಗೆ ಮೀಸಲಾಗುತ್ತವೆ. ಕೈ ಕೊಟ್ಟ ಶಕ್ತಿಯನ್ನು ಗಾಲಿಯ ಭಾರ ಹಿಡಿದಿಟ್ಟುಕೊಂಡು ಬೇಕಾದಾಗ ಹಿಂದಕ್ಕೆ ಕೊಡುತ್ತದೆ. ಹಗುರವಾದ ಹಲಗೆಯ ತಿಗರಿಯಲ್ಲಿ ಗಡಿಗೆಯೆತ್ತಲು ಹೋದರೆ ಮಣ್ಣಿಗೆ ಬೆರಳು ಸೋಕಿದೊಡನೆ ಅದು ನಿಂತುಬಿಡುತ್ತದೆ.

ನಮ್ಮ ಸೀಮೆಯ ಆಲೆಮನೆಗಳನ್ನು ನೋಡಿದವರಿಗೆ ಇದೇ ಸಂಗತಿ ಇನ್ನೊಂದು ರೂಪದಲ್ಲಿ ಗೊತ್ತು. ಕೋಣಗಳು ತಿರುಗಿಸುತ್ತಿದ್ದ ಗಾಣದ ಸ್ಥಾನಕ್ಕೆ ಡೀಸೆಲ್ ಎಂಜಿನ್ ಬಂದಾಗ, ಅದರ ಎರಡು ಬದಿಗೂ ಎಂಥ ದೊಡ್ಡ ಬೀಡುಕಬ್ಬಿಣದ ಗಾಲಿಗಳಿದ್ದವು! ಒಂದೇ ಸಿಲಿಂಡರು, ನಿಧಾನವಾದ ಓಟ. ಹೊಡೆತಗಳನ್ನು ಕೂತಲ್ಲಿಂದಲೇ ಎಣಿಸಬಹುದಾಗಿತ್ತು. ಕಬ್ಬಿನ ಕಟ್ಟನ್ನು ಗಾಣದ ಬಾಯಿಗೆ ಕೊಟ್ಟೊಡನೆ ಎಂಜಿನ್ನಿನ ದನಿ ಒಂದಿಷ್ಟು ಕುಗ್ಗುತ್ತದೆ, ಆದರೆ ನಿಲ್ಲುವುದಿಲ್ಲ. ಆ ಕ್ಷಣಕ್ಕೆ ಬೇಕಾದ ಹೆಚ್ಚಿನ ಬಲವನ್ನು ಕೊಡುವುದು ಉರಿಯುವ ಎಣ್ಣೆಯಲ್ಲ, ತಿರುಗುತ್ತಿರುವ ಕಬ್ಬಿಣ. ಹಳೆಯ ರೋಲಿಂಗ್ ಮಿಲ್ಲುಗಳಲ್ಲಿ ಕೆಂಪಗೆ ಕಾದ ಉಕ್ಕಿನ ತುಂಡು ಉರುಳೆಗಳ ನಡುವೆ ನುಗ್ಗುವ ಹೊತ್ತಿಗೆ ಇದೇ ಉಪಾಯ ದೊಡ್ಡ ಪ್ರಮಾಣದಲ್ಲಿ ನೆರವಾಗುತ್ತಿತ್ತು. ಭದ್ರಾವತಿಯ ಶ್ರೋತೃಗಳಿಗೆ ಕಬ್ಬಿಣದ ಸ್ವಭಾವವನ್ನು ನಾನು ವರ್ಣಿಸಹೊರಟರೆ ಗಂಗೆಗೆ ನೀರು ಮಾರಿದಂತಾದೀತು.

ಇನ್ನು ಎರಡು ಹೊಡೆತದ ಎಂಜಿನ್ನಿಗೆ ಬರೋಣ. ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುವುದರೊಳಗೆ ಇದರ ಕೆಲಸದ ಒಂದು ಸುತ್ತು ಮುಗಿಯುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿದರೆ ಇದರಲ್ಲಿ ಪ್ರತಿ ಸುತ್ತಿಗೂ ಉರಿಯಬೇಕು. ಹಾಗಿದ್ದ ಮೇಲೆ ಇದಕ್ಕೆ ಗತಿಚಕ್ರದ ಹಂಗು ಕಡಿಮೆಯೆಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವ ಅಷ್ಟು ಸರಳವಲ್ಲ. ಉರಿದ ಅನಿಲ ಪಿಸ್ಟನನ್ನು ತಳ್ಳುವುದು ಸುತ್ತಿನ ಸುಮಾರು ಕಾಲುಭಾಗ ಮಾತ್ರ. ಅಷ್ಟರಲ್ಲಿ ಹೊಗೆಯ ಕಿಂಡಿ ತೆರೆದುಕೊಂಡು ಒತ್ತಡ ಸೋರಿಹೋಗುತ್ತದೆ. ಮಿಕ್ಕ ಮುಕ್ಕಾಲು ಸುತ್ತಿನಲ್ಲಿ ಎಂಜಿನ್ ದುಡಿಯುವುದಿಲ್ಲ, ಹಿಂದೆ ದುಡಿದದ್ದನ್ನು ತಿನ್ನುತ್ತದೆ. ಹೊಸ ಗಾಳಿಯನ್ನು ಅದುಮಬೇಕಾದ ಕೆಲಸವೂ ಈ ಮುಕ್ಕಾಲು ಸುತ್ತಿಗೇ ಸೇರಿದ್ದು. ಅದಕ್ಕೆಲ್ಲ ಖರ್ಚು ಕೊಡುವುದು ಗತಿಚಕ್ರ.

ಇದಲ್ಲದೆ ಎರಡು ಹೊಡೆತದ ಎಂಜಿನ್ನಿಗೆ ಇನ್ನೊಂದು ದುರ್ಗುಣವಿದೆ. ಥ್ರಾಟಲನ್ನು ಪೂರ್ತಿ ಇಳಿಸಿದಾಗ ಒಳಗೆ ಹೋಗುವ ಹೊಸ ಗಾಳಿ ಕಡಿಮೆ. ಹಳೆಯ ಹೊಗೆ ಪೂರ್ತಿಯಾಗಿ ಹೊರಗೆ ಹೋಗುವುದಿಲ್ಲ. ಎರಡೂ ಬೆರೆತು ಕಿಡಿ ತಾಗಿದರೂ ಒಂದೊಂದು ಸಲ ಹೊತ್ತಿಕೊಳ್ಳುವುದಿಲ್ಲ. ಒಂದು ಸುತ್ತು ಬಿಟ್ಟು ಇನ್ನೊಂದು ಸುತ್ತಿಗೆ, ಕೆಲವು ವೇಳೆ ಎರಡು ಮೂರು ಸುತ್ತು ಬಿಟ್ಟು, ಹೊತ್ತಿಕೊಳ್ಳುತ್ತದೆ. ನಿಂತ ಜಾವಾ, ಯೆಜ್ಡಿಗಳಿಂದ ಕೇಳಿಬರುತ್ತಿದ್ದ ಆ ಲಯ ತಪ್ಪಿದ ಗುಡುಗು ಇದರ ಫಲವೇ. ಅಕ್ಷರಗಳ ಲೆಕ್ಕ ತಪ್ಪಿದರೂ ಪದ್ಯ ಬೀಳದೆ ನಡೆಯುವಂತೆ ನೋಡಿಕೊಳ್ಳುತ್ತಿದ್ದುದು ಒಳಗಿನ ಭಾರವಾದ ಗಾಲಿಗಳು.

ಯೆಜ್ಡಿಯ ವಿಷಯ ಬಂದದ್ದರಿಂದ ಅದರ ವಂಶಾವಳಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 1929ರಲ್ಲಿ ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡ. ಎರಡು ಹೆಸರುಗಳ ಮೊದಲಕ್ಷರಗಳ ಸಂಧಿಯಿಂದ ಜಾವಾ ಎಂಬ ಹೆಸರು ಬಂತು. ಇದು ಯಾವ ಸಂಧಿ ಎಂದು ವಿದ್ಯಾರ್ಥಿಗಳು ಕೇಳಿದರೆ ಉತ್ತರ ಕೊಡುವುದು ಕಷ್ಟ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಪ್ರಾರಂಭವಾಯಿತು. 1970ರ ದಶಕದಲ್ಲಿ ಅದೇ ಯಂತ್ರ ಯೆಜ್ಡಿಯೆಂಬ ಹೆಸರನ್ನು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಚೆಗೆ, 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ರಸ್ತೆಗೆ ಬಂದವಾದರೂ ಅವು ನಾಲ್ಕು ಹೊಡೆತದ ಬೇರೆಯೇ ಎಂಜಿನ್ನುಗಳು; ಹೆಸರು ಹಳೆಯದು, ಜೀವ ಬೇರೆ. ಮೈಸೂರಿನ ಹಳೆಯ 250 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರಿನ ಅಗಲ 65 ಮಿಲಿಮೀಟರಾದರೆ ಪಿಸ್ಟನ್ನಿನ ಓಡಾಟ 75 ಮಿಲಿಮೀಟರು. ಗೇರು ಹಾಕುವ ಸನ್ನೆಯೇ ಕಿಕ್ ಹೊಡೆಯುವ ಸನ್ನೆಯೂ ಆಗಿತ್ತು. ಕ್ರ್ಯಾಂಕಿನ ಎರಡು ದಪ್ಪ ತಟ್ಟೆಗಳೇ ಅದರ ಗತಿಚಕ್ರಗಳು; ಅವು ಎಂಜಿನ್ನಿನ ಹೊಟ್ಟೆಯೊಳಗೇ ಇರುತ್ತವೆ. ಇದಕ್ಕೆ ಎದುರಾಗಿ 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100 ಸಣ್ಣ ಮೈಯ ಯಂತ್ರ. 98 ಸಿಸಿ, ಅಗಲ 50, ಓಡಾಟವೂ 50 ಮಿಲಿಮೀಟರು, 11 ಕುದುರೆಬಲ. ಮುಟ್ಟಿದರೆ ಚಿಮ್ಮುವ ಸ್ವಭಾವ. ಒಂದು ಗುರುಬಹುಳ, ಇನ್ನೊಂದು ಲಘುಬಹುಳ. ಗಾಂಧಿ ಬಜಾರಿನ ಜನಸಂದಣಿಯಲ್ಲಿ ಕ್ಲಚ್ಚು ಬಿಟ್ಟೇ ಹೆಜ್ಜೆಹೆಜ್ಜೆಗೆ ಸಾಗಬಲ್ಲದ್ದು ಯೆಜ್ಡಿ. ಸಂದಣಿ ದಾಟಿದೊಡನೆ ಕಣ್ಮರೆಯಾಗುವುದು ಆರ್‌ಎಕ್ಸ್.

ಎರಡು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಕೋಣೆಯೇ ಗಾಳಿ ತಳ್ಳುವ ಪಂಪು. ಆದ್ದರಿಂದ ಒಳಗಿನ ತಟ್ಟೆಗಳ ಗಾತ್ರವನ್ನು ಮನಬಂದಂತೆ ಬದಲಾಯಿಸುವ ಹಾಗಿಲ್ಲ. ಅವು ಆಕ್ರಮಿಸುವ ಜಾಗ ಪಂಪಿನ ಕೆಲಸದ ಲೆಕ್ಕಕ್ಕೇ ಸೇರಿರುತ್ತದೆ. ತೂಕ ಹೆಚ್ಚುಕಡಿಮೆ ಮಾಡಬೇಕೆನ್ನುವವರು ಕೈಹಚ್ಚುವುದು ಕ್ರ್ಯಾಂಕಿನ ಹೊರತುದಿಯಲ್ಲಿ ಕೂರುವ, ಅಯಸ್ಕಾಂತಗಳನ್ನು ಹೊತ್ತು ವಿದ್ಯುತ್ತನ್ನು ಹುಟ್ಟಿಸುವ ಬಟ್ಟಲಿನಾಕಾರದ ಗಾಲಿಗೆ. ಗ್ಯಾರೇಜಿನ 'ಮ್ಯಾಗ್ನೆಟ್ಟು' ಎಂಬುದು ಇದೇ. ವಿದೇಶಗಳಲ್ಲಿ ಕಾಡುದಾರಿಯ ಸವಾರರು ಇದಕ್ಕೆ ಇನ್ನೂರು ಮುನ್ನೂರು ಗ್ರಾಂ ತೂಕದ ಉಕ್ಕಿನ ಬಳೆಯನ್ನು ಜೋಡಿಸಿಕೊಳ್ಳುವುದುಂಟು.

ಇನ್ನೂರು ಗ್ರಾಂ! ಕೊತ್ತಂಬರಿ ಬೀಜದ ಒಂದು ಪೊಟ್ಟಣದ ತೂಕ. ಬೈಕು ಸವಾರ ಸೇರಿ ಇನ್ನೂರು ಕಿಲೋ ಮೀರುವಲ್ಲಿ ಇದರಿಂದ ಏನಾದೀತೆಂದು ಕೇಳುವುದು ಸಹಜ. ಇಲ್ಲಿಯೇ ನೇಮಿಯ ಮಹಿಮೆಯಿರುವುದು. ತಿರುಗುವ ವಸ್ತುವಿನಲ್ಲಿ ಎಷ್ಟು ತೂಕವಿದೆಯೆಂಬುದಕ್ಕಿಂತ ಅದು ನಡುವಿನಿಂದ ಎಷ್ಟು ದೂರದಲ್ಲಿದೆಯೆಂಬುದು ಮುಖ್ಯ. ದೂರ ಎರಡರಷ್ಟಾದರೆ ಅದೇ ತೂಕದ ಪರಿಣಾಮ ನಾಲ್ಕರಷ್ಟಾಗುತ್ತದೆ. ನಾಭಿಯ ಬಳಿ ಕೆತ್ತಿ ತೆಗೆದ ನೂರು ಗ್ರಾಮಿನಿಂದ ಬೈಕಿಗೆ ಏನೂ ತಿಳಿಯುವುದಿಲ್ಲ. ನೇಮಿಯಿಂದ ತೆಗೆದ ನೂರು ಗ್ರಾಂ ಸವಾರನ ಅಂಗೈಗೇ ತಿಳಿಯುತ್ತದೆ. ಹಾಗೆಯೇ ತಿರುಗುವ ವೇಗ ಎರಡರಷ್ಟಾದರೆ ಕೂಡಿಟ್ಟ ಶಕ್ತಿಯೂ ನಾಲ್ಕರಷ್ಟು. ಎಷ್ಟು ಗ್ರಾಂ ತೆಗೆಸಿದೆ ಎಂದು ಹೇಳಿಕೊಳ್ಳುವ ಹುಡುಗರು ಎಲ್ಲಿಂದ ತೆಗೆಸಿದೆ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳದಿದ್ದರೆ ಹೇಳಿದ ಮಾತಿಗೆ ಅರ್ಥವಿಲ್ಲ.

ಒಂದು ಲೆಕ್ಕ ಮಾಡೋಣ. ಶ್ರೋತೃಗಳು ಕಾಗದ ಪೆನ್ಸಿಲು ಹುಡುಕಬೇಕಾಗಿಲ್ಲ, ಉತ್ತರವನ್ನು ನಾನೇ ಹೇಳುತ್ತೇನೆ. ನಡುವಿನಿಂದ 7 ಸೆಂಟಿಮೀಟರ್ ದೂರದಲ್ಲಿ 2 ಕಿಲೋ ತೂಕವಿರುವ ಒಂದು ಬಳೆಯನ್ನು ಕಲ್ಪಿಸಿಕೊಳ್ಳಿ. ಅದು ನಿಮಿಷಕ್ಕೆ 3,000 ಸುತ್ತು ತಿರುಗುತ್ತಿರುವಾಗ ಅದರಲ್ಲಿ ಸುಮಾರು 480 ಜೌಲುಗಳಷ್ಟು ಶಕ್ತಿ ಅಡಗಿರುತ್ತದೆ. ವೇಗ 1,500 ಸುತ್ತಿಗೆ ಇಳಿದರೆ ಉಳಿಯುವುದು 120 ಜೌಲು. ನಡುವಿನ 360 ಜೌಲು ಎಲ್ಲಿ ಹೋಯಿತು? ಹಿಂದಿನ ಚಕ್ರಕ್ಕೆ ಹೋಯಿತು. ಬೈಕು, ಸವಾರ ಎರಡೂ ಸೇರಿ 210 ಕಿಲೋ ಎಂದಿಟ್ಟುಕೊಂಡು, ದಾರಿಯ ನಷ್ಟಗಳನ್ನು ಬಿಟ್ಟು ನೋಡಿದರೆ, ಅಷ್ಟು ಶಕ್ತಿಯಿಂದ ಆ ಇಡೀ ಭಾರವನ್ನು 17 ಸೆಂಟಿಮೀಟರಿನಷ್ಟು ಮೇಲೆತ್ತಬಹುದು. ಒಂದು ಗೇಣಿಗೆ ಕೊಂಚ ಕಡಿಮೆ. ದಾರಿಗೆ ಅಡ್ಡಲಾಗಿ ಎದ್ದುನಿಂತ ಹಲಸಿನ ಮರದ ಬೇರೊಂದನ್ನು, ಎಂಜಿನ್ ಒಂದು ತೊಟ್ಟು ಪೆಟ್ರೋಲನ್ನೂ ಉರಿಸದಿದ್ದರೂ, ಬರಿಯ ಕೂಡಿಟ್ಟ ಗಂಟಿನಿಂದಲೇ ದಾಟಿದಂತಾಯಿತು. ಆ ಬಳೆಗೆ ಇನ್ನು ಅರ್ಧ ಕಿಲೋ ಕೂಡಿಸಿದರೆ ಹೆಚ್ಚಾಗಿ ಸಿಗುವುದು ನಾಲ್ಕು ಸೆಂಟಿಮೀಟರಿನ ಎತ್ತರ. ಎರಡು ಬೆರಳ ಅಗಲ ಎನ್ನಿ. ಹೆಚ್ಚೇನಲ್ಲ ಎನಿಸಬಹುದು. ಆದರೆ ಎಂಜಿನ್ ನಿಲ್ಲುವುದಕ್ಕೂ ನಿಲ್ಲದಿರುವುದಕ್ಕೂ ನಡುವೆ ಇರುವ ಅಂತರ ಅನೇಕ ವೇಳೆ ಅಷ್ಟೇ.

ಇದೇ ಬಳೆ ಬೇರೆ ಹೊತ್ತಿನಲ್ಲಿ ಸವಾರನಿಗೆ ಹೊರೆಯೂ ಆಗುತ್ತದೆ. ಎಂಜಿನ್ ವೇಗ ಹೆಚ್ಚಿಸಿಕೊಳ್ಳುವಾಗಲೆಲ್ಲ ತನ್ನ ಬಲದ ಒಂದು ಪಾಲನ್ನು ಗಾಲಿಯ ಗಂಟಿಗೆ ಕಟ್ಟಬೇಕು. ಉಳಿದದ್ದು ಮಾತ್ರ ಬೈಕಿಗೆ. ಈ ತೆರಿಗೆ ಎಲ್ಲ ಗೇರುಗಳಲ್ಲಿಯೂ ಒಂದೇ ಸಮವಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಮೊದಲ ಗೇರಿನಲ್ಲಿ ಹಿಂದಿನ ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಎಂಜಿನ್ 18 ಸುತ್ತು ಹಾಕುತ್ತದೆ ಎಂದುಕೊಳ್ಳೋಣ, ಮೇಲಿನ ಗೇರಿನಲ್ಲಿ 6 ಸುತ್ತು. ಲೆಕ್ಕ ಹಾಕಿದರೆ ನಮ್ಮ 2 ಕಿಲೋ ಬಳೆ ಮೊದಲ ಗೇರಿನಲ್ಲಿ 35 ಕಿಲೋ ತೂಕದ ಒಬ್ಬ ಹುಡುಗನನ್ನು ಹಿಂದೆ ಕೂರಿಸಿಕೊಂಡಂತೆ ವೇಗವನ್ನು ತಡೆಯುತ್ತದೆ. ಮೇಲಿನ ಗೇರಿನಲ್ಲಿ ಅದೇ ಬಳೆಯ ತಡೆ 4 ಕಿಲೋ ತೂಕದ ಕೈಚೀಲದಷ್ಟು. ಗೇರಿನ ಪಟ್ಟು ಮೂರರಷ್ಟಾದರೆ ಹೊರೆ ಒಂಬತ್ತರಷ್ಟಾಗುವುದೇ ಇದಕ್ಕೆ ಕಾರಣ. ಚಿಕ್ಕ ಎಂಜಿನ್ನುಗಳಲ್ಲಿ ಈ ಪಟ್ಟು ಇನ್ನೂ ಹೆಚ್ಚು. ಆದುದರಿಂದ ಹೊನ್ನಾಳಿ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಓಡುವವನಿಗೆ ಗತಿಚಕ್ರ ಭಾರವೋ ಹಗುರವೋ ತಿಳಿಯುವುದೇ ಇಲ್ಲ. ಕೆಸರಿನಲ್ಲಿ, ದಿಬ್ಬದಲ್ಲಿ, ಮೊದಲೆರಡು ಗೇರುಗಳಲ್ಲಿ ಹೆಣಗುವವನಿಗೆ ಮಾತ್ರ ಅದೇ ಸರ್ವಸ್ವ.

ಒಂದು ಭ್ರಮೆಯನ್ನು ಇಲ್ಲಿಯೇ ಕಳೆದುಬಿಡಬೇಕು. ಗಾಲಿಯನ್ನು ಹಗುರಮಾಡಿದರೆ ಎಂಜಿನ್ನಿನ ಬಲ ಹೆಚ್ಚುತ್ತದೆಂದು ಒಂದು ಪಕ್ಷ. ಭಾರಮಾಡಿದರೆ ಎಳೆಯುವ ಬಲ ಹುಟ್ಟುತ್ತದೆಂದು ಇನ್ನೊಂದು ಪಕ್ಷ. ಎರಡೂ ನಿಜವಲ್ಲ. ಗಾಲಿ ಬಲವನ್ನು ಹುಟ್ಟಿಸುವುದಿಲ್ಲ. ಅದೊಂದು ಕಣಜ, ಬೆಳೆ ಬರುವುದು ಗದ್ದೆಯಿಂದ. ಒಂದೇ ವೇಗದಲ್ಲಿ ಓಡಿಸಿ ಅಳೆದರೆ ಎರಡು ಗಾಲಿಗಳಲ್ಲೂ ಎಂಜಿನ್ನಿನ ಬಲ ಒಂದೇ ಇರುತ್ತದೆ. ಹಗುರವಾದ ಗಾಲಿಯ ಬೈಕು ಥ್ರಾಟಲ್ ತಿರುಗಿಸಿದೊಡನೆ ಕಿರುಚುವುದರಿಂದ ಕಿವಿ ಮೋಸಹೋಗುತ್ತದೆ. ಸ್ವರವೇರಿದ ಮಾತ್ರಕ್ಕೆ ಅರ್ಥ ಆಳವಾಗುವುದಿಲ್ಲವೆಂಬುದು ಕವಿಗೋಷ್ಠಿಗಳಿಗೆ ಹೋಗುವವರಿಗೆ ತಿಳಿದ ವಿಷಯ.

ಹಾಗಾದರೆ ಕೆಸರಿನಲ್ಲಿ ಆಗುವುದೇನು? ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಂಥ ಮಳೆಯಲ್ಲಿ ನೆನೆದ ಕೆಮ್ಮಣ್ಣು ಟೈರಿಗೆ ಕೊಡುವ ಹಿಡಿತಕ್ಕೆ ಒಂದು ಸಣ್ಣ ಮಿತಿಯಿದೆ. ಚಕ್ರವನ್ನು ತಿರುಗಿಸುವ ಬಲ ಆ ಮಿತಿಯನ್ನು ಒಂದು ಕ್ಷಣ ಮೀರಿದರೂ ಸಾಕು, ಟೈರು ಜಾರತೊಡಗುತ್ತದೆ. ಜಾರತೊಡಗಿದ ಮೇಲೆ ಹಿಡಿತ ಇನ್ನೂ ಕಡಿಮೆಯಾಗುತ್ತದೆ. ನಿಮಿಷಕ್ಕೆ 1,500 ಸುತ್ತಿನಲ್ಲಿ ಎರಡು ಹೊಡೆತದ ಎಂಜಿನ್ ಸೆಕೆಂಡಿಗೆ 25 ಸಲ ತಳ್ಳಬಲ್ಲದು. ಪ್ರತಿ ತಳ್ಳುವಿಕೆಯೂ ಒಂದು ಗುದ್ದು. ಗಾಲಿ ಹಗುರವಾಗಿದ್ದರೆ ಗುದ್ದು ಗುದ್ದಾಗಿಯೇ ಟೈರನ್ನು ಮುಟ್ಟುತ್ತದೆ. ಭಾರವಾಗಿದ್ದರೆ ಗಾಲಿ ಗುದ್ದನ್ನು ನುಂಗಿ, ಅದನ್ನೇ ಹಂಚಿ ಹದವಾಗಿ ಕಳಿಸುತ್ತದೆ. ಅಷ್ಟೇ ಅಲ್ಲದೆ ಮೋಟೋಕ್ರಾಸಿಗಾಗಿ ಮಾಡಿದ ಎರಡು ಹೊಡೆತದ ಎಂಜಿನ್ನುಗಳಲ್ಲಿ ಬಲ ಕ್ರಮಕ್ರಮವಾಗಿ ಏರುವುದಿಲ್ಲ. ಕೆಳಗೆ ಏನೂ ಇಲ್ಲದಂತಿದ್ದು ಒಂದು ಹಂತ ಮುಟ್ಟಿದೊಡನೆ ಉಕ್ಕಿಬರುತ್ತದೆ. ಆ ಉಕ್ಕು ಗಟ್ಟಿನೆಲದಲ್ಲಿ ಸೊಗಸು, ಕೆಸರಿನಲ್ಲಿ ಕಂಟಕ. ಭಾರವಾದ ಗಾಲಿ ಆ ಹಂತಕ್ಕೆ ಏರುವುದನ್ನು ತುಸು ತಡಮಾಡಿ ಸವಾರನಿಗೆ ಯೋಚಿಸಲು ಸಮಯ ಕೊಡುತ್ತದೆ.

ಇಳಿಜಾರಿನ ಕತೆ ಬೇರೆ. ಥ್ರಾಟಲ್ ಮುಚ್ಚಿದರೂ ಭಾರವಾದ ಗಾಲಿ ಒಂದಿಷ್ಟು ಹೊತ್ತು ಬೈಕನ್ನು ಮುಂದಕ್ಕೇ ದೂಡುತ್ತದೆ. ಎರಡು ಹೊಡೆತದ ಎಂಜಿನ್ನಿನ ತಡೆ ಮೊದಲೇ ಕಡಿಮೆ. ತಿರುವುಮುರುವಾದ ದಾರಿಯಲ್ಲಿ ಇದು ತೊಡಕು. ಆದರೆ ಹಿಂದಿನ ಬ್ರೇಕನ್ನು ಹೆಚ್ಚಾಗಿ ಒತ್ತಿ ಚಕ್ರ ಹಿಡಿದುಕೊಂಡಾಗ, ಹಗುರವಾದ ಗಾಲಿಯ ಎಂಜಿನ್ ತಟ್ಟನೆ ಸಾಯುತ್ತದೆ. ಭಾರವಾದದ್ದು ಕ್ಲಚ್ಚು ಹಿಡಿಯುವಷ್ಟು ಪುರುಸೊತ್ತು ಕೊಡುತ್ತದೆ.

ಈ ಭೇದವನ್ನು ಜಗತ್ತಿನ ಎರಡು ಬಗೆಯ ಸ್ಪರ್ಧೆಗಳು ಚೆನ್ನಾಗಿ ತೋರಿಸಿಕೊಟ್ಟಿವೆ. ಟ್ರಯಲ್ಸ್ ಎಂಬ ಸ್ಪರ್ಧೆಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ತೊರೆ, ಬೇರುಗಳ ಮೇಲೆ ಕಾಲೂರದೆ ಸಾಗಬೇಕು, ಕಾಲೂರಿದರೆ ದಂಡ. 1965ರಲ್ಲಿ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸನ್ನು ಸ್ಯಾಮಿ ಮಿಲ್ಲರ್ ಎಂಬ ಐರಿಷ್ ಸವಾರ ಸ್ಪೇನ್ ದೇಶದ ಬುಲ್ಟಾಕೊ ಎಂಬ ಎರಡು ಹೊಡೆತದ ಬೈಕಿನಲ್ಲಿ ಗೆದ್ದ. ನಾಲ್ಕು ಹೊಡೆತದ ಭಾರಿ ಎಂಜಿನ್ನುಗಳೇ ಇಂಥ ಕೆಲಸಕ್ಕೆ ತಕ್ಕವೆಂಬ ನಂಬಿಕೆ ಅಲ್ಲಿಂದ ಸಡಿಲವಾಯಿತು. ಟ್ರಯಲ್ಸ್ ಯಂತ್ರಗಳಿಗೆ ಭಾರವಾದ ಗಾಲಿಯೇ ಬೇಕು. ಬಂಡೆಯೊಂದು ಎದುರಾದಾಗ ಸವಾರ ಕ್ಲಚ್ಚು ಹಿಡಿದು ಎಂಜಿನ್ನಿನ ವೇಗ ಏರಿಸಿ, ಗಾಲಿಯಲ್ಲಿ ಗಂಟು ಕಟ್ಟಿಕೊಂಡು, ಥಟ್ಟನೆ ಕ್ಲಚ್ಚು ಬಿಟ್ಟು ಬೈಕನ್ನೇ ಮೇಲಕ್ಕೆ ನೆಗೆಸುತ್ತಾನೆ. ಇತ್ತ ಮೋಟೋಕ್ರಾಸಿನಲ್ಲಿ ವೇಗವೇ ಎಲ್ಲ. ಚೆಕ್ ದೇಶದ ಚೀಜೆಡ್ ಎಂಬ ಎರಡು ಹೊಡೆತದ ಬೈಕುಗಳ ಮೇಲೆ ಬೆಲ್ಜಿಯಮ್ಮಿನ ಜೋಯೆಲ್ ರಾಬರ್ 1964ರಲ್ಲಿ 250 ಸಿಸಿ ವರ್ಗದ ವಿಶ್ವಪ್ರಶಸ್ತಿಯನ್ನೂ, ಪೂರ್ವ ಜರ್ಮನಿಯ ಪೌಲ್ ಫ್ರೀಡ್ರಿಕ್ಸ್ 1966ರಿಂದ ಮೂರು ವರ್ಷ 500 ಸಿಸಿ ವರ್ಗದ ವಿಶ್ವಪ್ರಶಸ್ತಿಯನ್ನೂ ಗೆದ್ದರು. ದಿಬ್ಬದಿಂದ ನೆಗೆದು ನೆಲಮುಟ್ಟಿದೊಡನೆ ಮತ್ತೆ ಚಿಮ್ಮಬೇಕಾದ ಇಂಥ ಸ್ಪರ್ಧೆಗೆ ಕ್ಷಣಕ್ಷಣಕ್ಕೂ ವೇಗ ಬದಲಿಸಬಲ್ಲ ಹಗುರವಾದ ಗಾಲಿಯೇ ಒಗ್ಗುವುದು.

ನನ್ನ ವಿದ್ಯಾರ್ಥಿಗೆ ಇದನ್ನೆಲ್ಲ ಹೇಳಿ, "ನೋಡು ಮಾರಾಯ, ನಿನ್ನ ರೇಸು ವರ್ಷಕ್ಕೆ ಎರಡು ದಿನ, ನಿನ್ನ ದಿಬ್ಬ ಮುನ್ನೂರ ಅರವತ್ತೈದು ದಿನ. ದಿಬ್ಬಕ್ಕೆ ಕಾರ್ಖಾನೆ ಕೊಟ್ಟ ಗಾಲಿಯೇ ಇರಲಿ. ರೇಸಿನ ಹುಚ್ಚು ಬಿಡದಿದ್ದರೆ ಇನ್ನೊಂದು ಹಳೆಯ ಗಾಲಿ ಕೊಂಡುಕೊಂಡು ಅದನ್ನು ಏನು ಬೇಕಾದರೂ ಮಾಡು" ಎಂದೆ. ಕತ್ತರಿಸಿದ ನೇಮಿಯನ್ನು ಮತ್ತೆ ಬೆಳೆಸುವ ಲೇತು ಇನ್ನೂ ಹುಟ್ಟಿಲ್ಲ. ಅವನು ಹಾಗೆಯೇ ಮಾಡಿದ. ಎರಡು ಗಾಲಿಗಳನ್ನೂ ಬದಲಿಸಿ ಓಡಿಸಿ ನೋಡಿದ ಮೇಲೆ, ನಿಜವಾದ ಕೆಸರಿನ ರೇಸಿಗೂ ಹಳೆಯ ಗಾಲಿಯೇ ವಾಸಿ, ಒಣನೆಲದ ರೇಸಿಗೆ ಮಾತ್ರ ಹಗುರವಾದದ್ದು ಎಂಬ ನಿರ್ಣಯಕ್ಕೆ ತಾನಾಗಿ ಬಂದನೆಂದು ಕೇಳಿದೆ. ಮೆಕ್ಯಾನಿಕ್ಕಿನ ಮಾತು ನಿಂತಿತು. ಮಲೆನಾಡಿನ ಮಟ್ಟಿಗೆ ನನ್ನ ಒಲವೂ ಭಾರದ ಕಡೆಗೇ.

ಗಾಲಿಗೆ ಕೈಹಚ್ಚುವವರು ತಿಳಿದಿರಲೇಬೇಕಾದ ಅಪಾಯಗಳಿವೆ. ಗಾಲಿ ಕೂರುವುದು ಕ್ರ್ಯಾಂಕಿನ ಓರೆಯಾದ ತುದಿಯ ಮೇಲೆ. ಅದು ತನ್ನ ಜಾಗದಲ್ಲಿ ಸರಿಯಾಗಿ ನಿಲ್ಲುವಂತೆ ನೋಡಿಕೊಳ್ಳಲು ಅರ್ಧಚಂದ್ರಾಕಾರದ ಒಂದು ಸಣ್ಣ ಕೀ ಇರುತ್ತದೆ. ಹೊರತುದಿಗೆ ತೂಕ ಹೇರಿದಷ್ಟೂ ಆ ತುದಿಗೂ ಬೇರಿಂಗಿಗೂ ಶ್ರಮ ಹೆಚ್ಚು. ಕೂಡಿಸಿದ ಬಳೆ ಕೂದಲೆಳೆಯಷ್ಟು ಓರೆಯಾದರೂ ಇಡೀ ಎಂಜಿನ್ ನಡುಗುತ್ತದೆ. ಕೀ ಮುರಿದರೆ ಗಾಲಿ ಜರುಗಿ ಕಿಡಿಯ ಕಾಲ ತಪ್ಪುತ್ತದೆ. ಕಿಡಿಯ ಕಾಲ ತಪ್ಪಿದರೆ ಏನಾಗುತ್ತದೆಂಬುದನ್ನು ಹಳೆಯ ಸವಾರರು ನಗುತ್ತ ಹೇಳುವುದುಂಟು: ಕಿಕ್ ಹೊಡೆದಾಗ ಎಂಜಿನ್ ಹಿಮ್ಮುಖವಾಗಿ ತಿರುಗತೊಡಗಬಹುದು. ಎರಡು ಹೊಡೆತದ ಅನೇಕ ಎಂಜಿನ್ನುಗಳಿಗೆ ಮುಂದು, ಹಿಂದು ಎಂಬ ಪಕ್ಷಪಾತವಿಲ್ಲ. ಯಾವ ಕಡೆಗೆ ತಿರುಗಿದರೂ ಓಡುತ್ತವೆ. ಮೊದಲ ಗೇರು ಹಾಕಿ ಕ್ಲಚ್ಚು ಬಿಟ್ಟರೆ ಬೈಕು ಹಿಂದಕ್ಕೆ ಹೊರಡುತ್ತದೆ.

ನಗಲಾಗದ ಅಪಾಯ ಇನ್ನೊಂದು. ತಿರುಗುವ ಗಾಲಿಯ ನೇಮಿ ಸದಾ ಹೊರಕ್ಕೆ ಸಿಡಿಯಲು ಹವಣಿಸುತ್ತಿರುತ್ತದೆ. ವೇಗ ಎರಡರಷ್ಟಾದರೆ ಈ ಸೆಳೆತ ನಾಲ್ಕರಷ್ಟು. 1923ರಲ್ಲಿ ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿಯತೊಡಗಿದ ಕಾಲದಿಂದ ಆ ಊರಿನ ಕೆಲಸಗಾರರ ಮನೆಮಾತಾಗಿರುವ ಸಂಗತಿಯೊಂದಿದೆ: ಬೀಡುಕಬ್ಬಿಣ ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ತಿರುಗುವ ನೇಮಿಯ ಮೇಲಿರುವುದು ಎಳೆತವೇ. ಲೇತಿನಲ್ಲಿ ಗಾಲಿಯನ್ನು ಅಲ್ಲಲ್ಲಿ ತೆಳುಮಾಡಿ, ತೂತು ಕೊರೆದು, ಚೂಪುಮೂಲೆಗಳನ್ನು ಉಳಿಸಿದರೆ ಬಿರುಕು ಹುಟ್ಟುವುದು ಅಲ್ಲಿಯೇ. ನಿಮಿಷಕ್ಕೆ ಏಳೆಂಟು ಸಾವಿರ ಸುತ್ತಿನಲ್ಲಿ ಅಂಥ ಗಾಲಿ ಒಡೆದರೆ ಚೂರುಗಳು ಅಲ್ಯೂಮಿನಿಯಮ್ಮಿನ ಮುಚ್ಚಳವನ್ನು ಸೀಳಿಕೊಂಡು ಬರುತ್ತವೆ. ಪಕ್ಕದಲ್ಲಿರುವುದು ಸವಾರನ ಕಾಲು. ಗಾಲಿಯನ್ನು ಬಿಚ್ಚುವಾಗ ಸುತ್ತಿಗೆಯಿಂದ ಬಡಿಯುವುದೂ ಸಲ್ಲದು. ಬಡಿದರೆ ಅಯಸ್ಕಾಂತ ಸಡಿಲಬಹುದು, ಕ್ರ್ಯಾಂಕು ಬಾಗಬಹುದು. ಅದಕ್ಕೆಂದೇ ಇರುವ ಪುಲ್ಲರನ್ನು ಬಳಸಬೇಕು.

2000ದ ಇಸವಿಯಲ್ಲಿ ಹೊಗೆಯ ನಿಯಮಗಳು ಬಿಗಿಯಾದ ಮೇಲೆ ನಮ್ಮ ದೇಶದ ಹೊಸ ಬೈಕುಗಳಲ್ಲಿ ಎರಡು ಹೊಡೆತದ ಎಂಜಿನ್ನುಗಳು ಬೇಗ ಕಣ್ಮರೆಯಾದವು. ಉಳಿದವನ್ನು ಹಳೆಯ ಹುಚ್ಚಿನವರು ಸಾಕಿಕೊಂಡಿದ್ದಾರೆ. ಯುರೋಪಿನಲ್ಲಿ ಮಾತ್ರ ಕಾಡುದಾರಿಯ ಸ್ಪರ್ಧೆಗಳಿಗಾಗಿ ಅವನ್ನು ಇಂದಿಗೂ ತಯಾರಿಸುತ್ತಾರೆ. ಈಗ ವಿದ್ಯುತ್ತಿನ ಬೈಕುಗಳು ಬಂದಿವೆ. ಅವುಗಳ ಮೋಟಾರಿನಲ್ಲಿ ಗುದ್ದಿಲ್ಲ, ಬಿಡುವಿಲ್ಲ. ನಿಂತಲ್ಲಿ ನಿಂತುಹೋಗುವ ಭಯವೂ ಇಲ್ಲ. ಗತಿಚಕ್ರದ ಕಾಲ ಮುಗಿಯಿತೆಂದೇ ಯಾರಾದರೂ ತಿಳಿಯುತ್ತಿದ್ದರು. ಆದರೆ ಟ್ರಯಲ್ಸ್ ಸವಾರರಿಗೆ ಬಂಡೆ ಹತ್ತುವಾಗ ಆ ಕೂಡಿಟ್ಟ ಗಂಟಿಲ್ಲದೆ ಕೈ ಕಟ್ಟಿಹಾಕಿದಂತಾಯಿತಂತೆ. ಅವರಿಗಾಗಿ ವಿದ್ಯುತ್ ಬೈಕುಗಳಲ್ಲೂ ಕ್ಲಚ್ಚು ಇಟ್ಟು, ಬೈಕು ನಿಂತಿದ್ದರೂ ಮೋಟಾರು ಒಳಗೆ ಸುಮ್ಮನೆ ತಿರುಗುತ್ತಿರುವಂತೆ ಏರ್ಪಡಿಸಿದ್ದಾರೆ.